ಹನ್ನೆರಡು ಮಂದಿಯ ಬ್ಲಾಕ್, ಒಂದು ಕೌದಿ: ಹೊಲಿಗೆ ಗುಂಪಿನ ವಿನಿಮಯದ ಕೆಲಸದ ದಾಖಲೆ

ಕೌದಿ ಮುಗಿಯಿತು. ಒಗೆಯುವ ಮುಂಚಿನ ಅಳತೆ 52½ × 66 ಇಂಚು. ಮೇಲ್ಪದರದಲ್ಲಿ ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕರಂತೆ ಹನ್ನೆರಡು ಬ್ಲಾಕ್‌ಗಳಿವೆ, ಅಂದರೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಚೌಕಗಳು. ಅವುಗಳಲ್ಲಿ ನಾನು ಹೊಲಿದದ್ದು ಒಂದು ಮಾತ್ರ. ಉಳಿದ ಹನ್ನೊಂದು ಸುರತ್ಕಲ್, ಮೂಲ್ಕಿ, ಕಿನ್ನಿಗೋಳಿ, ಪಡುಬಿದ್ರಿ, ಉಡುಪಿ, ಕುಂದಾಪುರ ಹೀಗೆ ಬೇರೆ ಬೇರೆ ಊರುಗಳಿಂದ ಬಂದವು. ನಮ್ಮ ಹೊಲಿಗೆ ಗುಂಪಿನಲ್ಲಿರುವುದು ಹನ್ನೆರಡು ಮಂದಿ. ಪ್ರತಿಯೊಬ್ಬರೂ ತಮಗಿಷ್ಟವಾದ ಒಂದೇ ವಿನ್ಯಾಸದಲ್ಲಿ ಹನ್ನೆರಡು ಬ್ಲಾಕ್ ಹೊಲಿಯುವುದು, ಒಂದನ್ನು ತಮಗಿಟ್ಟುಕೊಂಡು ಉಳಿದ ಹನ್ನೊಂದನ್ನು ಉಳಿದವರಿಗೆ ಹಂಚುವುದು ಎಂಬುದು ಒಪ್ಪಂದ. ಕೊನೆಗೆ ಎಲ್ಲರ ಕೈಯಲ್ಲೂ ಹನ್ನೆರಡು ಬಗೆಯ ಬ್ಲಾಕ್‌ಗಳು ಉಳಿಯುತ್ತವೆ.

ಇಂಥ ವಿನಿಮಯಕ್ಕೆ ಕೈಹಾಕುವ ಬೇರೆ ಗುಂಪುಗಳಿಗೆ ಅನುಕೂಲವಾಗಲೆಂದು ಕೆಲಸದ ಕ್ರಮ, ಅಳತೆ, ಖರ್ಚು, ಫಲ ಕೊಡದ ಪ್ರಯತ್ನಗಳು ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಓದುವ ಪುರುಸೊತ್ತು ಇಲ್ಲದವರು 6ನೇ ಹಂತವನ್ನಾದರೂ ನೋಡಿ. ಬೇರೆಯವರು ಹೊಲಿದ ಬ್ಲಾಕ್ ಅಳತೆಗೆ ಬಂದಿಲ್ಲವೆಂದು ಅದರ ಅಂಚನ್ನು ಕತ್ತರಿಸಬಾರದು, ಬಿಚ್ಚಿ ಹೊಲಿದು ಕೊಡಿ ಎಂದು ಹಿಂದಿರುಗಿಸಲೂಬಾರದು. ಎರಡೂ ಇಲ್ಲದೆ ಸರಿಪಡಿಸುವ ದಾರಿ ಅಲ್ಲಿದೆ.

1. ಒಪ್ಪಂದ (ಮಾರ್ಚ್)

ಮಂಗಳೂರಿನ ಬಿಜೈಯ ಮನೆಯೊಂದರಲ್ಲಿ ಸೇರಿ ನಿಯಮಗಳನ್ನು ಬರೆದೆವು. ಬ್ಲಾಕ್ ಕೌದಿಯೊಳಗೆ ಕೂತ ಮೇಲೆ 12 ಇಂಚು ಕಾಣಬೇಕು. ಸುತ್ತಲೂ ಹೊಲಿಗೆಗೆಂದು ಬಿಡುವ ಕಾಲು ಇಂಚು ಮಾರ್ಜಿನ್ ಸೇರಿ ಕೈಗೆ ಬರುವಾಗ 12½ ಇಂಚು ಇರಬೇಕು. ಬಟ್ಟೆ ಹತ್ತಿಯದೇ ಆಗಬೇಕು. ಕತ್ತರಿಸುವ ಮೊದಲು ಒಗೆದಿರಬೇಕು. ಹಿನ್ನೆಲೆ ಎಲ್ಲರದೂ ಕೆನೆ ಬಣ್ಣ. ಕೆನೆ ಬಣ್ಣ ಅಂಗಡಿಯಿಂದ ಅಂಗಡಿಗೆ ಬೇರೆಯಾಗುವುದರಿಂದ ಹಂಪನಕಟ್ಟೆಯ ಒಂದೇ ಅಂಗಡಿಯಲ್ಲಿ ಒಂದೇ ಥಾನಿನಿಂದ ಪಾಪ್ಲಿನ್ ಹರಿಸಿ ತಂದು ಹಂಚಿಕೊಂಡೆವು. ಈ ತೀರ್ಮಾನ ಮುಂದೆ ನಮ್ಮನ್ನು ಕಾಪಾಡಿತು.

ಇನ್ನೊಂದು ನಿಯಮವನ್ನು ಎಲ್ಲರೂ ಸಂತೋಷದಿಂದ ಒಪ್ಪಿದೆವು: ಪ್ರತಿ ಬ್ಲಾಕ್‌ನಲ್ಲಿ ಹಳೆಯ ಉಡುಪಿ ಸೀರೆಯ ಒಂದು ತುಂಡಾದರೂ ಇರಬೇಕು. ಉಟ್ಟು ಉಟ್ಟು ಮೆತ್ತಗಾದ ಒಂದೆರಡು ಉಡುಪಿ ಸೀರೆ ನಮ್ಮ ಕಡೆಯ ಮನೆಗಳ ಕಪಾಟಿನಲ್ಲಿ ಇದ್ದೇ ಇರುತ್ತದೆ. ಕೈಮಗ್ಗದ ಈ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಮಗ್ಗಗಳ ಸದ್ದು ಈಗಲೂ ಕೇಳುತ್ತದೆ. ಹೊಸ ಸೀರೆಯನ್ನು ಕತ್ತರಿಸಲು ಯಾರಿಗೂ ಮನಸ್ಸು ಬರಲಿಲ್ಲ, ಬರುವುದೂ ಬೇಡ. ಹಳೆಯದೇ ಈ ಕೆಲಸಕ್ಕೆ ಸರಿ: ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡುವ ಬಣ್ಣ ಬಿಟ್ಟಿರುತ್ತದೆ.

ಖಾಕಿಯ ಬಗ್ಗೆ ಚರ್ಚೆಯಾಯಿತು. ಬಲ್ಮಠದ ಸದಸ್ಯೆಯೊಬ್ಬರಿಗೆ ತಮ್ಮ ತಂದೆಯ ಸಮವಸ್ತ್ರದ ಬಟ್ಟೆಯನ್ನು ಬಳಸುವ ಆಸೆ. ಆ ಬಣ್ಣ ಸಿದ್ಧವಾದದ್ದೇ ಹತ್ತೊಂಬತ್ತನೆಯ ಶತಮಾನದ ನಡುವೆ ಅವರ ಬೀದಿಯ ಪಕ್ಕದಲ್ಲಿ, ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಯಲ್ಲಿ, ಹಾಲರ್ ಎಂಬವರ ಕೈಯಿಂದ ಎನ್ನುತ್ತಾರೆ. ಬೇಡವೆನ್ನಲು ಆಗುತ್ತದೆಯೇ? ಆದರೆ ಡ್ರಿಲ್ ಬಟ್ಟೆ ದಪ್ಪ. ಹೊಲಿಗೆ ಕೂಡುವಲ್ಲಿ ಗಂಟಿನಂತೆ ಉಬ್ಬುತ್ತದೆ. ಕೊನೆಗೆ, ನಡುವಿನ ಚೌಕದ ಸುತ್ತ ಪಟ್ಟಿಗಳನ್ನು ಹೊಲಿದು ಬೆಳೆಸುವ ಲಾಗ್ ಕ್ಯಾಬಿನ್ ಬ್ಲಾಕ್‌ನ ನಟ್ಟನಡುವಿನ ಚೌಕಕ್ಕೆ ಮಾತ್ರ ಖಾಕಿ ಎಂದು ಒಪ್ಪಿಕೊಂಡೆವು.

2. ಸೀರೆ ತುಂಡನ್ನು ಹದಕ್ಕೆ ತರುವುದು

ಹಳೆಯ ಸೀರೆಯ ಎಲ್ಲ ಭಾಗವೂ ಒಂದೇ ಸಮ ಗಟ್ಟಿಯಿರುವುದಿಲ್ಲ. ನೆರಿಗೆಯ ಕೆಳಗಿನ ಭಾಗ, ಕೂರುವಲ್ಲಿ ಸವೆದ ಭಾಗ ಬೇಗ ಹರಿಯುತ್ತವೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಎಳೆಯಬೇಕು. ಎಳೆಗಳು ದೂರ ಸರಿದರೆ ಆ ಭಾಗ ಬೇಡ. ಸೆರಗಿಗೆ ಹತ್ತಿರದ ಒಡಲಿನ ಬಟ್ಟೆ ಎಲ್ಲಕ್ಕಿಂತ ಗಟ್ಟಿ.

ಸೀರೆ ತೆಳು, ಪಾಪ್ಲಿನ್ ದಪ್ಪ. ಎರಡನ್ನೂ ಸೇರಿಸಿ ಹೊಲಿದರೆ ಸೀರೆ ಜಗ್ಗಿ ಅಳತೆ ಹೋಗುತ್ತದೆ. ಇದಕ್ಕೆ ಗುಂಪಿನಲ್ಲಿ ಎರಡು ಉಪಾಯಗಳನ್ನು ಮಾಡಿ ನೋಡಿದೆವು. ಮೊದಲನೆಯದು, ಟೈಲರ್‌ಗಳು ಕಾಲರ್‌ಗೆ ಹಾಕುವ, ಇಸ್ತ್ರಿಯಿಂದ ಅಂಟಿಸುವ ಫ್ಯೂಸಿಂಗ್. ಕತ್ತರಿಸುವುದಕ್ಕೂ ಹೊಲಿಯುವುದಕ್ಕೂ ತುಂಬಾ ಸಲೀಸು. ಆದರೆ ಮಾದರಿ ತುಂಡನ್ನು ಒಗೆದಾಗ ಅಂಟು ಅಲ್ಲಲ್ಲಿ ಬಿಟ್ಟು ಬಟ್ಟೆಯ ಮೇಲೆ ಗುಳ್ಳೆಗಳು ಎದ್ದವು. ಕೈಸೂಜಿಯೂ ಅದರೊಳಗೆ ಸುಲಭವಾಗಿ ಇಳಿಯಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು.

ಎರಡನೆಯದು ಗಂಜಿ. ಇದು ಗೆದ್ದಿತು. ಕುಚ್ಚಲಕ್ಕಿಯ ತಿಳಿ ನಮ್ಮ ಮನೆಗಳಲ್ಲಿ ದಿನವೂ ಸಿಗುತ್ತದೆ, ಆದರೆ ಅದರ ಕೆಂಪು ಛಾಯೆ ತೆಳು ಬಣ್ಣದ ಬಟ್ಟೆಗೆ ಹತ್ತುತ್ತದೆ. ಆದ್ದರಿಂದ ಬೆಳ್ತಿಗೆ (ಬಿಳಿ) ಅಕ್ಕಿಯದೇ ಬೇಕು. ದಪ್ಪ ತಿಳಿ ಒಂದು ಪಾಲು, ನೀರು ಮೂರು ಪಾಲು ಬೆರೆಸಿ ಮಲ್ ಬಟ್ಟೆಯಲ್ಲಿ ಸೋಸಬೇಕು. ಸೋಸದಿದ್ದರೆ ಅಗುಳಿನ ಚೂರು ಇಸ್ತ್ರಿಗೆ ಅಂಟಿ ಕರಿದಾಗುತ್ತದೆ. ತುಂಡನ್ನು ಅದ್ದಿ, ಹಿಂಡದೆ ಕೈಯಲ್ಲಿ ಒತ್ತಿ, ನೆರಳಿನಲ್ಲಿ ಮುಕ್ಕಾಲು ಒಣಗಿಸಿ, ಪಸೆ ಇರುವಾಗಲೇ ಎಳೆಗಳು ನೆಟ್ಟಗಿರುವಂತೆ ಇಸ್ತ್ರಿ ಹಾಕಬೇಕು. ಇಸ್ತ್ರಿಯನ್ನು ಒತ್ತಿ ಎತ್ತಬೇಕು, ಎಳೆದಾಡಿಸಬಾರದು. ಹೀಗೆ ಮಾಡಿದ ಸೀರೆ ತುಂಡು ಕಾಗದದಂತೆ ನಿಲ್ಲುತ್ತದೆ, ಓರೆಯಾಗಿ ಕತ್ತರಿಸಿದರೂ ಜಗ್ಗುವುದಿಲ್ಲ. ಮಗ್ಗಕ್ಕೆ ಏರಿಸುವ ಹಾಸಿನ ನೂಲಿಗೂ ಗಂಜಿ ಕೊಡುತ್ತಾರಲ್ಲ, ಅದು ನೂಲು ಮಗ್ಗದ ತಿಕ್ಕಾಟ ತಾಳಿ ಹರಿಯದಿರಲೆಂದು. ಒಂದೇ ಎಚ್ಚರ: ಗಂಜಿ ಹಾಕಿದ ಬಟ್ಟೆಗೆ ಜಿರಳೆಯೂ ಬೂಸೂ ಬೇಗ ಬರುತ್ತವೆ. ಈ ವಿಷಯಕ್ಕೆ 7ನೇ ಹಂತದಲ್ಲಿ ಬರುತ್ತೇನೆ.

3. ನನ್ನ ಬ್ಲಾಕ್: ಫ್ರೆಂಡ್‌ಶಿಪ್ ಸ್ಟಾರ್

ಮೂರು ಮೂರರ ಒಂಬತ್ತು ಮನೆ, ಒಂದೊಂದು ಮನೆ 4 ಇಂಚು. ನಾಲ್ಕು ಮೂಲೆಗೆ ಕೆನೆ ಚೌಕ, ನಡುವೆ ಉಡುಪಿ ಸೀರೆ, ಉಳಿದ ನಾಲ್ಕು ಮನೆಗಳಲ್ಲಿ ಅರ್ಧ ಕೆನೆ, ಅರ್ಧ ಹಸಿರಿನ ತ್ರಿಕೋನಗಳು. ಹನ್ನೆರಡು ಬ್ಲಾಕ್‌ಗೆ ಬೇಕಾದದ್ದು ಇಷ್ಟು:

ಕೆನೆ ಪಾಪ್ಲಿನ್: 4½ ಇಂಚಿನ 48 ಚೌಕ, 5 ಇಂಚಿನ 24 ಚೌಕ. 44 ಇಂಚು ಅಗಲದ ಬಟ್ಟೆಯಾದರೆ 1¼ ಮೀಟರ್.
ಹಸಿರು ಪಾಪ್ಲಿನ್: 5 ಇಂಚಿನ 24 ಚೌಕ. ಅರ್ಧ ಮೀಟರ್.
ಸೀರೆ: 4½ ಇಂಚಿನ 12 ಚೌಕ.

ಕೆನೆ ಮತ್ತು ಹಸಿರು 5 ಇಂಚಿನ ಚೌಕಗಳನ್ನು ಮುಖಕ್ಕೆ ಮುಖ ಇಟ್ಟು, ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿದು, ಗೆರೆಯ ಮೇಲೆ ಕತ್ತರಿಸಿದರೆ ಎರಡು ಚೌಕ ಸಿಗುತ್ತದೆ. ಲೆಕ್ಕದ ಪ್ರಕಾರ 4⅞ ಇಂಚಿನ ಚೌಕ ಸಾಕು. ನಾನು 5 ಇಂಚು ತೆಗೆದುಕೊಂಡು ಹೊಲಿದ ಮೇಲೆ 4½ ಇಂಚಿಗೆ ಸವರುತ್ತೇನೆ. ಕೆಲಸ ಹೆಚ್ಚು ನಿಜ, ಆದರೆ ನಕ್ಷತ್ರದ ಮೊನೆ ಚೂಪಾಗಿ ಬರುತ್ತದೆ. ಸವರುವಾಗ ಸ್ಕೇಲಿನ 45 ಡಿಗ್ರಿ ಗೆರೆ ಹೊಲಿಗೆಯ ಮೇಲೆಯೇ ಕೂರಬೇಕು.

ಮೆಷಿನ್ ಕಾಲಿನದು. ಸೂಜಿ 11 ನಂಬರ್. 14 ನಂಬರ್ ಸೂಜಿ ಸೀರೆಯ ಮೇಲೆ ತೂತು ಉಳಿಸುತ್ತದೆ. ಇಂಚಿಗೆ ಸುಮಾರು 12 ಹೊಲಿಗೆ. ಜೋಡಿಗಳನ್ನು ದಾರ ಕತ್ತರಿಸದೆ ಒಂದರ ಹಿಂದೆ ಒಂದರಂತೆ ಮೆಷಿನ್‌ಗೆ ಕೊಟ್ಟೆ, ದಾರವೂ ಸಮಯವೂ ಉಳಿಯಿತು. ಕತ್ತರಿಸಲು ಚಕ್ರದ ಕಟರ್ ಬಳಸಿದೆ. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ತಂದ ಈ ಸಾಧನ ಇಲ್ಲದೆಯೂ ಕೌದಿ ಹೊಲಿಯಬಹುದು, ನಮ್ಮ ಅಜ್ಜಿಯರು ಹೊಲಿದಿದ್ದಾರೆ. ಆದರೆ ಒಂದೇ ಅಳತೆಯ ಚೌಕಗಳು ರಾಶಿಗಟ್ಟಲೆ ಬೇಕಾದಾಗ ಕತ್ತರಿ ಅದಕ್ಕೆ ಸಾಟಿಯಲ್ಲ.

ನಾಲ್ಕು ತ್ರಿಕೋನದ ಮನೆಗಳೂ ಒಂದೇ ದಿಕ್ಕಿಗೆ ತಿರುಗಿರಬೇಕು. ಒಂದು ಮನೆ ಮಗ್ಗುಲು ಬದಲಾಯಿಸಿದರೂ ನಕ್ಷತ್ರ ಮುರಿಯುತ್ತದೆ. ಹೊಲಿಯುವ ಮೊದಲು ಒಂಬತ್ತೂ ಮನೆಗಳನ್ನು ನೆಲದ ಮೇಲೆ ಜೋಡಿಸಿ ಮೊಬೈಲ್‌ನಲ್ಲಿ ಫೋಟೊ ತೆಗೆದು ನೋಡಿದರೆ, ಕಣ್ಣಿಗೆ ತಪ್ಪಿದ್ದು ಚಿತ್ರದಲ್ಲಿ ಕೂಡಲೇ ಗೊತ್ತಾಗುತ್ತದೆ.

4. ನಡುವೆ ಅಳತೆ ನೋಡಿದ್ದು (ಏಪ್ರಿಲ್, ಉಡುಪಿ)

ಅರ್ಧ ಕೆಲಸ ಮುಗಿದಾಗ ಉಡುಪಿಯಲ್ಲಿ ಸೇರಿ, ಎಲ್ಲರ ಬ್ಲಾಕ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆವು. ಅಂಚುಗಳು ಕೂಡಲಿಲ್ಲ. ಪ್ರತಿಯೊಬ್ಬರೂ ಕಾಲು ಇಂಚು ಬಿಟ್ಟೇ ಹೊಲಿದಿದ್ದರು, ಆದರೆ ಒಬ್ಬೊಬ್ಬರ ಕಾಲು ಇಂಚು ಒಂದೊಂದು ತೆರ. ಮೆಷಿನ್‌ನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್‌ನ ಅಂಚನ್ನು ನೋಡಿ ಹೊಲಿದವರದು ಒಂದು ಅಳತೆ, ಸೂಜಿಯ ಕೆಳಗಿನ ಪ್ಲೇಟಿನ ಮೇಲಿನ ಗೆರೆ ನೋಡಿದವರದು ಇನ್ನೊಂದು. ಬಟ್ಟೆಯ ಟೇಪುಗಳನ್ನು ಒಂದರ ಪಕ್ಕ ಒಂದು ಹಿಡಿದಾಗ ಹಳೆಯ ಒಂದು ಟೇಪು 60 ಇಂಚಿಗೆ ಅರ್ಧ ಇಂಚು ಹಿಗ್ಗಿದ್ದು ಕಂಡಿತು.

ಸಣ್ಣ ವ್ಯತ್ಯಾಸ ಎಷ್ಟು ದೊಡ್ಡದಾಗುತ್ತದೆ ಎಂಬುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಂಬತ್ತು ಮನೆಯ ಬ್ಲಾಕ್‌ನಲ್ಲಿ ಒಂದು ಸಾಲಿಗೆ ಎರಡು ಹೊಲಿಗೆ, ಪ್ರತಿ ಹೊಲಿಗೆಯಲ್ಲೂ ಎರಡು ಬದಿಯ ಮಾರ್ಜಿನ್. ಒಂದೊಂದು ಮಾರ್ಜಿನ್ 1/16 ಇಂಚು ಹೆಚ್ಚಾದರೆ ಒಟ್ಟು ಕಾಲು ಇಂಚು ಹೋಯಿತು. 12½ ಬರಬೇಕಾದಲ್ಲಿ 12¼. ಹದಿನಾರು ಮನೆಯದಾದರೆ ಸಾಲಿಗೆ ಮೂರು ಹೊಲಿಗೆ, ನಷ್ಟ 3/8 ಇಂಚು. ಪಡುಬಿದ್ರಿಯವರ ಬ್ಲಾಕ್ ಸರಿಯಾಗಿ ಹೀಗೆಯೇ 12⅛ ಬಂದಿತ್ತು. ಅವರ ಹೊಲಿಗೆಯಾದರೋ ಗುಂಪಿನಲ್ಲೇ ಎಲ್ಲಕ್ಕಿಂತ ನೇರ. ಲಾಗ್ ಕ್ಯಾಬಿನ್ ಇದಕ್ಕೆ ತಿರುವುಮುರುವು. ನಡುವಿನ ಚೌಕದ ಎರಡೂ ಕಡೆ ಐದೈದು ಪಟ್ಟಿ, ಅಡ್ಡಕ್ಕೆ ಹತ್ತು ಹೊಲಿಗೆ. ಪ್ರತಿ ಹೊಲಿಗೆಯಲ್ಲಿ ಒಂದೆಳೆಯಷ್ಟು ಕಡಿಮೆ ಮಡಚಿದ್ದಕ್ಕೆ ಬ್ಲಾಕ್ 12¾ ಇಂಚಿಗೆ ಬೆಳೆದಿತ್ತು.

ಆ ದಿನ ಎರಡು ಕೆಲಸ ಮಾಡಿದೆವು. ಎರಡನ್ನೂ ಮಾರ್ಚ್‌ನಲ್ಲಿಯೇ ಮಾಡಬೇಕಾಗಿತ್ತು.

ಮೊದಲನೆಯದು ಪಟ್ಟಿಯ ಪರೀಕ್ಷೆ. 1½ ಇಂಚು ಅಗಲದ ಮೂರು ಪಟ್ಟಿಗಳನ್ನು ಪಕ್ಕಪಕ್ಕ ಹೊಲಿದು ಇಸ್ತ್ರಿ ಹಾಕಿ ನಡುವಿನ ಪಟ್ಟಿಯನ್ನು ಅಳೆಯಬೇಕು. ಅದು ಸರಿಯಾಗಿ 1 ಇಂಚು ಇದ್ದರೆ ನಿಮ್ಮ ಕಾಲು ಇಂಚು ಸರಿ. ಕಡಿಮೆ ಬಂದರೆ ಮಾರ್ಜಿನ್ ಹೆಚ್ಚಾಗುತ್ತಿದೆ ಎಂದರ್ಥ. ಸರಿ ಬಂದ ಜಾಗಕ್ಕೆ, ಸೂಜಿಯ ಬಲಗಡೆ ಮೆಷಿನ್‌ನ ಮೇಲೆ, ಹಳೆಯ ಎಟಿಎಂ ಕಾರ್ಡ್‌ನ ಒಂದು ತುಂಡನ್ನು ಮಾಸ್ಕಿಂಗ್ ಟೇಪ್‌ನಿಂದ ಅಂಟಿಸಿಬಿಡಬೇಕು. ಬಟ್ಟೆ ಅದಕ್ಕೆ ತಾಗಿಕೊಂಡೇ ಸಾಗುತ್ತದೆ. ಬರೀ ಟೇಪಿಗಿಂತ ಇದು ಮೇಲು, ಏಕೆಂದರೆ ಕಾರ್ಡ್‌ಗೆ ದಪ್ಪವಿದೆ, ಬಟ್ಟೆ ಅದರ ಮೇಲೆ ಹತ್ತುವುದಿಲ್ಲ.

ಎರಡನೆಯದು ಎಲ್ಲರಿಗೂ ಒಂದೇ ಅಚ್ಚು. ಮಂಗಳೂರಿನಲ್ಲಿ ನೇಮ್‌ಬೋರ್ಡ್ ಮಾಡುವ ಅಂಗಡಿಯೊಂದರಲ್ಲಿ 3 ಮಿಲಿಮೀಟರ್ ಅಕ್ರಿಲಿಕ್ ಹಾಳೆಯಿಂದ 12½ ಇಂಚಿನ ಹನ್ನೆರಡು ಚೌಕಗಳನ್ನು ಲೇಸರ್‌ನಲ್ಲಿ ಕತ್ತರಿಸಿಕೊಂಡೆವು. ನಡುವೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ತಲಾ 260 ರೂಪಾಯಿ. ಕೌದಿ ಹೊಲಿಯುವವರಿಗೆಂದೇ ಮಾರುವ ಚೌಕದ ಸ್ಕೇಲು ಬೇಕೇ ಬೇಕೆಂದಿಲ್ಲ. ಎಲ್ಲರ ಕೈಯಲ್ಲಿರುವುದು ಒಂದೇ ಅಳತೆಯದು ಎಂಬುದಷ್ಟೇ ಮುಖ್ಯ.

ಆಗಲೇ ಹೊಲಿದು ಮುಗಿಸಿದ ಬ್ಲಾಕ್‌ಗಳ ಗತಿಯೇನು ಎಂಬ ಪ್ರಶ್ನೆ ಬಂದಿತು. ಬಿಚ್ಚಿ ಹೊಲಿಯೋಣ ಎಂದವರಿದ್ದರು. ನಾನು ಬೇಡವೆಂದು ಹಟ ಹಿಡಿದೆ. ಹಳೆಯ ಸೀರೆಯ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಹಾಗೆಯೇ ಉಳಿಯುತ್ತದೆ, ಅಂಚಿನ ಎಳೆ ಕಿತ್ತು ಬರುತ್ತದೆ, ಎರಡನೇ ಸಲ ಹೊಲಿಯಲು ಕಾಲು ಇಂಚೇ ಉಳಿದಿರುವುದಿಲ್ಲ. ಕಿನ್ನಿಗೋಳಿಯ ಅಕ್ಕ ನನ್ನ ಜೊತೆ ನಿಂತರು. "ಹೊಲಿದದ್ದು ಹೊಲಿದಾಯಿತು ಮಾರಾಯ್ತಿ, ಈಗ ಅದನ್ನು ಕೂಡಿಸುವ ಬುದ್ಧಿ ನಾವು ಓಡಿಸಬೇಕು" ಎಂದರು. ಅವರು ನಲವತ್ತು ವರ್ಷ ರವಿಕೆ ಹೊಲಿದವರು. ಅವರ ಮಾತಿಗೆ ಎಲ್ಲರೂ ಒಪ್ಪಿದರು.

5. ವಿನಿಮಯ, ಬಣ್ಣದ ಪರೀಕ್ಷೆ (ಮೇ ಕೊನೆ)

ಹನ್ನೆರಡು ಬಿದಿರಿನ ಬುಟ್ಟಿ, ಬುಟ್ಟಿಗೊಂದು ಹೆಸರು. ಎಲ್ಲರೂ ಪ್ರತಿ ಬುಟ್ಟಿಗೆ ಒಂದೊಂದು ಬ್ಲಾಕ್ ಹಾಕುತ್ತಾ ಹೋದರು. ಹಂಚಿಕೆ ಅರ್ಧ ಗಂಟೆಯಲ್ಲಿ ಮುಗಿಯಿತು. ಪ್ರತಿ ಬ್ಲಾಕ್‌ನ ಮೂಲೆಗೆ ದಾರದಿಂದ ಒಂದು ಚೀಟಿ ಕಟ್ಟಿತ್ತು: ಹೊಲಿದವರ ಹೆಸರು, ಊರು, ಸೀರೆ ಯಾರದು. ಉಡುಪಿಯವರ ಚೀಟಿಯಲ್ಲಿ ಹೀಗಿತ್ತು: "ಒಡಲು. ಅತ್ತೆಯವರ ಸೀರೆ. ಮಠಕ್ಕೆ ಹೋಗುವಾಗ ಇದನ್ನೇ ಉಡುತ್ತಿದ್ದರು." ಇಂಥ ಚೀಟಿ ಓದಿದ ಮೇಲೆ ಆ ಬ್ಲಾಕ್‌ನ ಅಂಚಿಗೆ ಕಟರ್ ಹಾಕಲು ಯಾರಿಗಾದರೂ ಕೈ ಬರುತ್ತದೆಯೇ?

ನನ್ನ ಬುಟ್ಟಿಯ ಅಳತೆ: 12½ ಇಂಚಿನವು ಐದು, 12⅜ ಮೂರು, 12¼ ಎರಡು, 12⅛ ಒಂದು, 12¾ ಒಂದು.

ಬ್ಲಾಕ್ ಕೈಗೆ ಬಂದ ಕೂಡಲೇ ಬಣ್ಣದ ಪರೀಕ್ಷೆ ಮಾಡಬೇಕು, ಹೊಲಿದು ಕೂಡಿಸಿದ ಮೇಲೆ ಅಲ್ಲ. ಬ್ಲಾಕ್‌ನ ಗಾಢ ಬಣ್ಣದ ಮೇಲೆ ಒದ್ದೆ ಬಿಳಿ ಬಟ್ಟೆ ಇಟ್ಟು, ಮೇಲಿಂದ ಬಿಸಿ ಇಸ್ತ್ರಿಯನ್ನು ಹತ್ತು ಸೆಕೆಂಡ್ ಒತ್ತಿ ನೋಡಿದೆ. ಹನ್ನೊಂದು ಬ್ಲಾಕ್‌ಗಳಲ್ಲಿ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಮೂಲ್ಕಿಯವರ ಚರ್ನ್ ಡ್ಯಾಶ್ ಎಂಬ ವಿನ್ಯಾಸದ ಬ್ಲಾಕ್‌ನ ಮೆರೂನ್ ಪಾಪ್ಲಿನ್ ಮಾತ್ರ ಗುಲಾಬಿ ಗುರುತು ಬಿಟ್ಟಿತು. ಅವರು ಬಟ್ಟೆಯನ್ನು ಒಗೆದೇ ಇದ್ದರು, ಆದರೆ ತಣ್ಣೀರಿನಲ್ಲಿ ಒಂದೇ ಸಲ.

ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ, ವಿನೆಗರ್ ಹಾಕಿದರೆ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದೇ ಬಟ್ಟೆಯ ಉಳಿದ ಚೂರುಗಳ ಮೇಲೆ ಎರಡನ್ನೂ ಮಾಡಿ ನೋಡಿದೆವು. ಎರಡೂ ಕೆಲಸ ಮಾಡಲಿಲ್ಲ. ಅಂಗಡಿಯಿಂದ ಬಣ್ಣ ಹಾಕಿಯೇ ಬಂದ ಹತ್ತಿ ಬಟ್ಟೆಗೆ ಮನೆಯಲ್ಲಿ ಉಪ್ಪೋ ಹುಳಿಯೋ ಹಾಕಿ ಬಣ್ಣ ಕಟ್ಟಲಾಗುವುದಿಲ್ಲ. ಮಾಡಬೇಕಾದದ್ದು ಹೆಚ್ಚಿನ ಬಣ್ಣವನ್ನು ಪೂರ್ತಿ ಹೊರಗೆ ತೆಗೆಯುವುದು. ಮೂಲ್ಕಿಯವರು ಎಲ್ಲರಿಂದಲೂ ತಮ್ಮ ಬ್ಲಾಕ್‌ಗಳನ್ನು ವಾಪಸು ಪಡೆದು, ಬಚ್ಚಲಿನ ಹಂಡೆಯ ಬಿಸಿನೀರನ್ನು ದೊಡ್ಡ ಟಬ್‌ಗೆ ಸುರಿದು, ಧಾರಾಳವಾಗಿ ದ್ರವ ಸಾಬೂನು ಹಾಕಿ, ಬ್ಲಾಕ್‌ಗಳನ್ನು ಪೂರ್ತಿ ಮುಳುಗಿಸಿ ರಾತ್ರಿಯಿಡೀ ಬಿಟ್ಟರು. ನೀರು ಧಾರಾಳವಾಗಿದ್ದು ಸಾಬೂನು ಸಾಕಷ್ಟಿದ್ದರೆ ಬಿಟ್ಟ ಬಣ್ಣ ನೀರಿನಲ್ಲೇ ತೇಲುತ್ತದೆ, ಕೆನೆ ಬಟ್ಟೆಗೆ ಹತ್ತುವುದಿಲ್ಲ. ಮಡಿಕೆಯ ಯಾವ ಭಾಗವೂ ನೀರಿನಿಂದ ಮೇಲೆ ಬರಬಾರದು. ನೀರು ತಿಳಿಯಾಗುವವರೆಗೂ ಹೀಗೆಯೇ ಮತ್ತೆ ಮತ್ತೆ ಮಾಡಿ ವಾಪಸು ತಂದುಕೊಟ್ಟರು. ಮೆರೂನ್ ಸ್ವಲ್ಪ ತೆಳುವಾಗಿದೆ, ಕೆನೆ ಹಾಗೆಯೇ ಉಳಿದಿದೆ. ಅಷ್ಟು ಬ್ಲಾಕ್‌ಗಳನ್ನು ಒಬ್ಬರೇ ಒಗೆದು, ಇಸ್ತ್ರಿ ಹಾಕಿ ಕೊಟ್ಟ ಅವರ ಶ್ರಮಕ್ಕೆ ನಾವೆಲ್ಲರೂ ಋಣಿಗಳು.

6. ಕತ್ತರಿಸದೆ ಅಳತೆಗೆ ತರುವುದು: ಚೌಕಟ್ಟು

ಎಲ್ಲ ಬ್ಲಾಕ್‌ಗಳನ್ನೂ ಚಿಕ್ಕದರ ಅಳತೆಗೆ, ಅಂದರೆ 12⅛ಕ್ಕೆ ಸವರುವುದು ಸುಲಭದ ದಾರಿ. ಆದರೆ ನಕ್ಷತ್ರದ ಮೊನೆ ಬ್ಲಾಕ್‌ನ ಅಂಚಿಗಿಂತ ಸರಿಯಾಗಿ ಕಾಲು ಇಂಚು ಒಳಗೆ ಇರುತ್ತದೆ. ಸವರಿದರೆ ಮೊನೆ ಹೊಲಿಗೆಯೊಳಗೆ ಹೋಗಿ ಮೊಂಡಾಗುತ್ತದೆ. ಲಾಗ್ ಕ್ಯಾಬಿನ್‌ನ ಹೊರಗಿನ ಪಟ್ಟಿ ಉಳಿದವುಗಳಿಗಿಂತ ಕಿರಿದಾಗುತ್ತದೆ.

ಎಳೆದು ಕೂಡಿಸುವುದು ಎರಡನೇ ದಾರಿ. ದೊಡ್ಡ ಬ್ಲಾಕ್ ಅನ್ನು ಕೆಳಗೆ, ಚಿಕ್ಕದನ್ನು ಮೇಲೆ ಇಟ್ಟು ಹೊಲಿದರೆ ಮೆಷಿನ್‌ನ ಹಲ್ಲು ಕೆಳಗಿನ ಬಟ್ಟೆಯನ್ನು ಸ್ವಲ್ಪ ಹೆಚ್ಚಾಗಿ ಎಳೆದುಕೊಳ್ಳುತ್ತದೆ. 1/8 ಇಂಚಿನವರೆಗೆ ಇದು ನಡೆಯುತ್ತದೆ. ಪಡುಬಿದ್ರಿಯ ಬ್ಲಾಕ್ ಪಕ್ಕದಲ್ಲಿ ಲಾಗ್ ಕ್ಯಾಬಿನ್ ಇಟ್ಟು ಕಚ್ಚಾ ಹೊಲಿಗೆ ಹಾಕಿ ನೋಡಿದೆ. ವ್ಯತ್ಯಾಸ 5/8 ಇಂಚು. ಅಂಚು ಪೂರ್ತಿ ನೆರಿಗೆಯಾಯಿತು. ಕಚ್ಚಾ ಹೊಲಿಗೆಯಾದ್ದರಿಂದ ಬಿಚ್ಚುವುದು ಸುಲಭವಾಯಿತು.

ನಾನು ಹಿಡಿದದ್ದು ಮೂರನೆಯ ದಾರಿ. ಪ್ರತಿ ಬ್ಲಾಕ್‌ನ ನಾಲ್ಕೂ ಬದಿಗೆ ಅದೇ ಕೆನೆ ಪಾಪ್ಲಿನ್ನಿನ 1½ ಇಂಚಿನ ಪಟ್ಟಿ ಹೊಲಿದೆ. ಮೊದಲು ಎಡ-ಬಲ, ಇಸ್ತ್ರಿ, ಆಮೇಲೆ ಮೇಲೆ-ಕೆಳಗೆ. ಹೀಗೆ ಮಾಡಿದಾಗ ಪ್ರತಿ ಬ್ಲಾಕ್‌ಗೂ 2 ಇಂಚು ಸೇರುತ್ತದೆ: 12⅛ ಇದ್ದದ್ದು 14⅛, 12¾ ಇದ್ದದ್ದು 14¾. ಈಗ ಎಲ್ಲವನ್ನೂ 14 ಇಂಚಿಗೆ ಸವರಿದೆ. ಕಟರ್ ತಾಗುವುದು ನಾನು ಹಾಕಿದ ಪಟ್ಟಿಗೆ ಮಾತ್ರ, ಅವರು ಹೊಲಿದ ಬ್ಲಾಕ್‌ಗೆ ಅಲ್ಲ.

ಸವರುವುದಕ್ಕೆ ಅದೇ ನೇಮ್‌ಬೋರ್ಡ್ ಅಂಗಡಿಯಲ್ಲಿ 14 ಇಂಚಿನ ಇನ್ನೊಂದು ಅಕ್ರಿಲಿಕ್ ಚೌಕ ಮಾಡಿಸಿದೆ, 320 ರೂಪಾಯಿ. ಬ್ಲಾಕ್ ಅನ್ನು ನಾಲ್ಕಾಗಿ ಮಡಚಿ ನಡು ಗುರುತಿಸಿ, ಅಚ್ಚಿನ ನಡುಗೆರೆಗಳನ್ನು ಅದಕ್ಕೆ ಸರಿಯಾಗಿ ಕೂರಿಸಿ ಸುತ್ತ ಕತ್ತರಿಸಬೇಕು. ಒಂದು ಬದಿಯಿಂದ ಅಳೆದು ಕತ್ತರಿಸಿದರೆ ಬ್ಲಾಕ್ ಚೌಕಟ್ಟಿನಲ್ಲಿ ಪಕ್ಕಕ್ಕೆ ಸರಿದಂತೆ ಕಾಣುತ್ತದೆ.

ಹೊಲಿದ ಮೇಲೆ ದೊಡ್ಡ ಬ್ಲಾಕ್‌ನ ಸುತ್ತ ಚೌಕಟ್ಟು 5/8 ಇಂಚು ಕಾಣುತ್ತದೆ, ಚಿಕ್ಕದರ ಸುತ್ತ 15/16 ಇಂಚು. ನಡುವಿನ ವ್ಯತ್ಯಾಸ 5/16 ಇಂಚು. ಚೌಕಟ್ಟು ಹಿನ್ನೆಲೆಯ ಅದೇ ಥಾನಿನ ಬಟ್ಟೆಯಾದ್ದರಿಂದ ಎಲ್ಲಿ ಬ್ಲಾಕ್ ಮುಗಿದು ಎಲ್ಲಿ ಪಟ್ಟಿ ಶುರುವಾಯಿತು ಎಂಬುದು ಹತ್ತಿರದಿಂದ ನೋಡಿದರೂ ಸುಲಭವಾಗಿ ಗೊತ್ತಾಗುವುದಿಲ್ಲ. ಒಂದೇ ಥಾನಿನಿಂದ ಬಟ್ಟೆ ತಂದದ್ದು ನಮ್ಮನ್ನು ಕಾಪಾಡಿತು ಎಂದು ಮೊದಲಲ್ಲಿ ಬರೆದದ್ದು ಇದಕ್ಕೇ. ಬೇರೆ ಬೇರೆ ಕೆನೆಯಾಗಿದ್ದರೆ ಚೌಕಟ್ಟು ಎದ್ದು ಕಾಣುತ್ತಿತ್ತು, ಅದರ ಏರುಪೇರೂ ಕಾಣುತ್ತಿತ್ತು.

ಚೌಕಟ್ಟಿನಿಂದ ಇನ್ನೊಂದು ಲಾಭವಾಯಿತು. ಪ್ರತಿ ಬ್ಲಾಕ್‌ನ ಕೆಳಗಿನ ಪಟ್ಟಿಯಲ್ಲಿ ಹೊಲಿದವರ ಹೆಸರನ್ನೂ ಊರನ್ನೂ ಎರಡೆಳೆ ಕಸೂತಿ ದಾರದಲ್ಲಿ ಬರೆದೆ, ಅಕ್ಷರದ ಎತ್ತರ 3/8 ಇಂಚು. ಅಮೆರಿಕದಲ್ಲಿ 1840ರ ದಶಕದಲ್ಲಿ ಸ್ನೇಹಿತರು, ಬಂಧುಗಳು ತಮ್ಮ ತಮ್ಮ ಬ್ಲಾಕ್‌ಗೆ ಶಾಯಿಯಲ್ಲಿ ಸಹಿ ಹಾಕಿ ಕೌದಿ ಮಾಡಿಕೊಡುವ ರೂಢಿ ಹಬ್ಬಿತ್ತು. ಊರು ಬಿಟ್ಟು ದೂರ ಹೋಗುವವರಿಗೆ ಅದು ಉಡುಗೊರೆ. ಕನ್ನಡದ ಒತ್ತಕ್ಷರಗಳು ಇಷ್ಟು ಚಿಕ್ಕ ಅಳತೆಯಲ್ಲಿ ಕೂರುವುದು ಕಷ್ಟ. "ಕಿನ್ನಿಗೋಳಿ"ಯ ನಕಾರದ ಒತ್ತು ಹೊಲಿಗೆಯೊಳಗೆ ಹೋಗದಿರಲು ಅಕ್ಷರಗಳ ಸಾಲನ್ನು ಸ್ವಲ್ಪ ಮೇಲಕ್ಕೆ ತಂದುಕೊಂಡೆ.

ಬ್ಲಾಕ್‌ಗಳನ್ನು ಕೂಡಿಸಿದಾಗ ನಡುಭಾಗ 40½ × 54 ಇಂಚು. ಸುತ್ತ ಕಡುನೀಲಿ ಪಾಪ್ಲಿನ್ನಿನ ಅಂಚು, ಹೊಲಿದ ಮೇಲೆ 6 ಇಂಚು.

7. ಮೂರು ಪದರ (ಜುಲೈ, ಆಟಿ ಎಂಬ ತುಳು ತಿಂಗಳ ಮಳೆ)

ಒಳಪದರಕ್ಕೆ ಅಂಗಡಿಯ ಫೈಬರ್ ಹಾಕಲಿಲ್ಲ. ನಮ್ಮ ಕರಾವಳಿಯ ಸೆಕೆಗೆ ಅದು ಬೇಡ. ಮನೆಯಲ್ಲಿದ್ದ ಹಳೆಯ ಹತ್ತಿ ಪಂಚೆಗಳನ್ನು ಅಂಚಿಗೆ ಅಂಚು ತಾಗಿಸಿ, ಒಂದರ ಮೇಲೊಂದು ಏರದಂತೆ ಸಡಿಲವಾಗಿ ಕೈಯಲ್ಲಿ ಕೂಡಿಸಿದೆ. ಏರಿದರೆ ಅಲ್ಲಿ ಏಣು ಬರುತ್ತದೆ. ಕೆಳಪದರಕ್ಕೆ 60 × 90 ಇಂಚಿನ ಹತ್ತಿ ಬೆಡ್‌ಶೀಟ್.

ಪದರಗಳನ್ನು ಸೇಫ್ಟಿ ಪಿನ್ನಿನಿಂದ ಹಿಡಿಸುವುದು ಬೇಗ ಆಗುವ ಕೆಲಸ. ಮಳೆಗಾಲದಲ್ಲಿ ಇಲ್ಲಿ ಅದನ್ನು ಮಾಡಲೇಬೇಡಿ. ಸುರತ್ಕಲ್‌ನವರು ಪಿನ್ನು ಹಾಕಿ ವಾರಗಟ್ಟಲೆ ಬಿಟ್ಟಿದ್ದರು, ಕಡಲ ಗಾಳಿಗೆ ಪಿನ್ನು ತುಕ್ಕು ಹಿಡಿದು ಕೆನೆ ಬಟ್ಟೆಯಲ್ಲಿ ಕಂದು ಚುಕ್ಕೆಗಳು ಉಳಿದವು. ಆದ್ದರಿಂದ ನಾನು ದಾರವನ್ನೇ ಬಳಸಿದೆ. ಕೆಳಪದರವನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ ಅಂಚಿಗೆ ಟೇಪ್ ಅಂಟಿಸಿ, ಪಂಚೆ, ಅದರ ಮೇಲೆ ಬ್ಲಾಕ್‌ಗಳ ಪದರ ಹಾಸಿ, ನಡುವಿನಿಂದ ಹೊರಕ್ಕೆ 4 ಇಂಚಿಗೊಂದು ಸಾಲಿನಂತೆ ಉದ್ದುದ್ದ ಕಚ್ಚಾ ಹೊಲಿಗೆ. ಕೆಂಪು ನೆಲದಲ್ಲಿ ಕೆಲಸ ಮಾಡುವವರು ಮೊದಲು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಳ್ಳಿ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಬಣ್ಣ ಬಟ್ಟೆಗೆ ಬರುತ್ತದೆ.

ಗಂಜಿ ಇರುವ ಬಟ್ಟೆಗೆ ಬೂಸು ಬರದಂತೆ ಕಾಯುವುದೇ ಆಟಿಯ ದೊಡ್ಡ ಕೆಲಸ. ಹೊಲಿದು ಮುಗಿಯದೆ ಒಗೆಯುವಂತಿಲ್ಲ, ಅಂಚಿನ ಎಳೆ ಕಿತ್ತುಬರುತ್ತದೆ. ದಿನದ ಕೆಲಸ ಮುಗಿದ ಮೇಲೆ ಒಣ ಇಸ್ತ್ರಿ ಹಾಕಿ, ಪೂರ್ತಿ ಆರಿದ ಮೇಲೆ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿದ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದೆ. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರುತ್ತದೆ. ಬೂಸು ಬರಲಿಲ್ಲ.

8. ಕೈಹೊಲಿಗೆ, ಅಂಚು, ಮೂಲೆ

ಗುಂಪಿನಲ್ಲಿ ಯಲ್ಲಾಪುರದಲ್ಲಿ ಶಿಕ್ಷಕಿಯಾಗಿದ್ದ ಒಬ್ಬರಿದ್ದಾರೆ. ಅಲ್ಲಿಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಕೌದಿ ಹೊಲಿಯುವುದನ್ನು ಕಣ್ಣಾರೆ ನೋಡಿದವರು. ಸಿದ್ದಿಯರು ಮೂಲೆಯಿಂದ ಹೊರಟು ಅಂಚಿನ ಗುಂಟ ಸುತ್ತುತ್ತಾ ಒಳಕ್ಕೆ ಬರುತ್ತಾರೆ. ಆ ಸಾಲುಗಳ ಚೆಲುವಿಗೆ ಮರುಳಾಗಿ ಮಾದರಿ ತುಂಡೊಂದನ್ನು ಹಾಗೆಯೇ ಹೊಲಿದು ನೋಡಿದೆ. ನಡುವಿಗೆ ಬರುವಾಗ ಮೇಲ್ಪದರ ಸಡಿಲವಾಗಿ ಗುಪ್ಪೆಯಾಯಿತು. ಕಾರಣ ಸರಳ: ಅವರು ತುಂಡುಗಳನ್ನು ಹೊಲಿಯುತ್ತಲೇ ಸೇರಿಸುತ್ತಾ ಹೋಗುತ್ತಾರೆ, ಹೆಚ್ಚಾದ ಬಟ್ಟೆಯನ್ನು ಅಲ್ಲಲ್ಲೇ ಮಡಚಿಕೊಳ್ಳುತ್ತಾರೆ. ನನ್ನದು ಮೊದಲೇ ಕೂಡಿಸಿಟ್ಟ ಮೇಲ್ಪದರ, ಸಡಿಲಿಗೆ ಹೋಗಲು ಜಾಗವಿಲ್ಲ. ಆದ್ದರಿಂದ ಕೌದಿಯನ್ನು ನಡುವಿನಿಂದ ಹೊರಕ್ಕೇ ಹೊಲಿದೆ. ಬ್ಲಾಕ್‌ನ ಪ್ರತಿ ಗೆರೆಯಿಂದ ಕಾಲು ಇಂಚು ಒಳಗೆ ಒಂದು ಸಾಲು, ನೀಲಿ ಅಂಚಿನಲ್ಲಿ 1 ಇಂಚಿಗೊಂದು ನೇರ ಸಾಲು. ಕರೆಂಟ್ ಹೋದ ಸಂಜೆಗಳಲ್ಲಿ ಜಗಲಿಯ ಬೆಳಕಿನಲ್ಲಿ ನೀಲಿ ಅಂಚು ಹೊಲಿಯುವುದು ಕಣ್ಣಿಗೆ ಕಷ್ಟ. ಅದನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡೆ.

ಸಿದ್ದಿಯರಿಂದ ಒಂದನ್ನು ಮಾತ್ರ ಪಡೆದೆವು: ಮೂಲೆಯ ಫುಲ. ಚೌಕದ ತುಂಡುಗಳನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಇಟ್ಟು ನಾಲ್ಕೂ ಮೂಲೆಗೆ ಸೇರಿಸುತ್ತಾರೆ. ಫುಲ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಮುಗಿದ ಕೌದಿಯಲ್ಲ. ನನ್ನದರಲ್ಲಿ ಪ್ರತಿ ಮೂಲೆಗೆ 4 ಇಂಚಿನ ಮೂರು ಚೌಕ, ಮೂರೂ ಸೀರೆಯ ಬೇರೆ ಬೇರೆ ಬಣ್ಣದವು. ಅಂಚಿನ ಪಟ್ಟಿ ಹೊಲಿಯುವ ಮೊದಲೇ ಅವುಗಳನ್ನು ಮೂಲೆಗೆ ಕಚ್ಚಾ ಹೊಲಿಗೆಯಲ್ಲಿ ಹಿಡಿಸಬೇಕು.

ಅಂಚಿಗೆ 2½ ಇಂಚಿನ ಆರು ಪಟ್ಟಿಗಳನ್ನು ಓರೆಯಾಗಿ ಕೂಡಿಸಿ, ಉದ್ದಕ್ಕೆ ಎರಡಾಗಿ ಮಡಚಿ, ಮುಂಭಾಗದಲ್ಲಿ ಮೆಷಿನ್ ಹೊಲಿಗೆ ಹಾಕಿ ಹಿಂದಕ್ಕೆ ತಿರುಗಿಸಿ ಕೈಯಲ್ಲಿ ಮುಗಿಸಿದೆ. ಸುತ್ತಳತೆ 237 ಇಂಚು. ಮೂಲೆ ಮತ್ತು ಜೋಡಣೆಗೆ 10 ಇಂಚು ಹೆಚ್ಚು ಇಟ್ಟುಕೊಳ್ಳಿ.

ಖರ್ಚು (ನನ್ನ ಕೌದಿಗೆ)

ಕೆನೆ ಪಾಪ್ಲಿನ್, ಚೌಕಟ್ಟಿನದೂ ಸೇರಿ 2 ಮೀಟರ್: 220 ರೂ.
ಕಡುನೀಲಿ 1½ ಮೀಟರ್: 165 ರೂ.
ಹಸಿರು ಅರ್ಧ ಮೀಟರ್: 55 ರೂ.
ಬೆಡ್‌ಶೀಟ್: 380 ರೂ.
ದಾರ: 140 ರೂ.
ಅಕ್ರಿಲಿಕ್ ಅಚ್ಚು ಎರಡು: 580 ರೂ.
ಕಟರ್‌ನ ಹೊಸ ಬ್ಲೇಡ್: 190 ರೂ.
ಒಟ್ಟು 1,730 ರೂ. ಸೀರೆ, ಪಂಚೆ, ಗಂಜಿ ಮನೆಯದು. ಅಚ್ಚುಗಳು ಮುಂದಿನ ಸುತ್ತಿಗೂ ಬರುತ್ತವೆ.

ಅಕ್ಟೋಬರ್‌ನಲ್ಲಿ ಬಿಸಿಲು ಬಂದ ಮೇಲೆ ತಣ್ಣೀರಿನಲ್ಲಿ ಒಗೆದು ಗಂಜಿ ಪೂರ್ತಿ ತೆಗೆದೆ. ಮೆರೂನ್ ಬಣ್ಣ ಬಿಡಲಿಲ್ಲ. ಒಣಗಿದ ಮೇಲಿನ ಅಳತೆ 51 × 64¼ ಇಂಚು. ಪಂಚೆ, ಬೆಡ್‌ಶೀಟ್ ಸ್ವಲ್ಪ ಕುಗ್ಗಿ ಹೊಲಿಗೆಯ ಸಾಲುಗಳ ನಡುವೆ ಬಟ್ಟೆ ಮೆತ್ತಗೆ ಉಬ್ಬಿದೆ. ಗುಂಪಿನಲ್ಲಿ ಇನ್ನೂ ಇಬ್ಬರ ಕೌದಿ ನೀಲಿ ಅಂಚಿನ ಹಂತದಲ್ಲಿದೆ. ಸುರತ್ಕಲ್‌ನವರ ತುಕ್ಕಿನ ಚುಕ್ಕೆಗಳ ಮೇಲೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಟ್ಟು ಹೆಚ್ಚಿನವನ್ನು ತೆಗೆದೆವು, ಹೋಗದ ಎರಡರ ಮೇಲೆ ಚಿಕ್ಕ ಎಲೆಯ ಕಸೂತಿ ಬಂದಿದೆ. ಮುಂದಿನ ಸುತ್ತು ದೀಪಾವಳಿ ಕಳೆದ ಮೇಲೆ ಶುರು. ಈ ಸಲ ಮೊದಲ ಭೇಟಿಗೆ ಎಲ್ಲರೂ ತಮ್ಮ ಮೆಷಿನ್‌ನಲ್ಲಿ ಹೊಲಿದ ಮೂರು ಪಟ್ಟಿಯ ಮಾದರಿ ತರಬೇಕು, ನಡುವಿನ ಪಟ್ಟಿ 1 ಇಂಚು ಬಂದ ಮೇಲೆಯೇ ಬಟ್ಟೆ ಕತ್ತರಿಸಬೇಕು.